ಬಂದವರಿಗೊಂದು ಬಿಡಾರ

(ಬಾನುಲಿ ಭಾಷಣ)

ಹೋಟೆಲು ಎಂಬ ಶಬ್ದಕ್ಕೆ ಕನ್ನಡದಲ್ಲಿ ಒಂದು ಬಗೆಯ ಅರ್ಥಸಂಕೋಚವಾಗಿದೆ. ಆ ಶಬ್ದ ಹುಟ್ಟಿಬಂದ ನಾಡುಗಳಲ್ಲಿ ಅದು ರಾತ್ರಿ ತಂಗುವ ಸ್ಥಳ; ನಮ್ಮಲ್ಲಿ ಇಡ್ಲಿ, ದೋಸೆ, ಕಾಫಿಗಳ ಸ್ಥಳ. "ಹೋಟೆಲಿಗೆ ಹೋಗಿ ಬರೋಣ" ಎಂದು ಗೆಳೆಯರು ಕರೆದರೆ ಹಾಸಿಗೆಯ ನೆನಪು ಯಾರಿಗೂ ಬರುವುದಿಲ್ಲ. ತಂಗುವುದಕ್ಕೆ ನಮ್ಮಲ್ಲಿ ಬೇರೆ ಮಾತುಗಳುಂಟು. ಸಂಸ್ಕೃತದ ಸತ್ರವು ನಮ್ಮ ನಾಲಗೆಯಲ್ಲಿ ಛತ್ರವಾಯಿತು. ನವಾಬರ ಕಾಲದ ಆಡಳಿತಭಾಷೆ ಮುಸಾಫಿರಖಾನೆಯನ್ನು ಕೊಟ್ಟಿತು. ಕಂಪನಿ ಸರ್ಕಾರ ಬಂಗಲೆಯನ್ನು ತಂದಿತು. ಸ್ವಾತಂತ್ರ್ಯಾನಂತರ ಆ ಬಂಗಲೆಯನ್ನೇ ನಮ್ಮವರು ಪ್ರವಾಸಿ ಮಂದಿರ ಎಂದು ಕರೆದರು. ಹೊರಗಿನಿಂದ ಬಂದವನು ಮಲಗುವ ಕೋಣೆಗೆ ಮಂದಿರವೆಂಬ ಹೆಸರನ್ನು ಇಟ್ಟವರು ಯಾರೋ ತಿಳಿಯದು. ಭಾಷೆಯ ಹೃದಯವನ್ನು ಬಲ್ಲವರೇ ಇರಬೇಕು.

ಈ ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಚರಿತ್ರೆ ಕಾಣುತ್ತದೆ. ಅದು ರಾಜರ ಚರಿತ್ರೆಯಲ್ಲ. ಊರು ತನಗೆ ಸಂಬಂಧವಿಲ್ಲದವನನ್ನು ಹೇಗೆ ಬರಮಾಡಿಕೊಂಡಿತು ಎಂಬುದರ ಚರಿತ್ರೆ. ಅದರ ಸಾಕ್ಷಿಗಳಾದ ಕಟ್ಟಡಗಳು ನಮ್ಮ ಸಣ್ಣ ಪಟ್ಟಣಗಳಲ್ಲಿ ಒಂದೊಂದಾಗಿ ಬೀಗ ಬಿದ್ದು ನಿಂತಿವೆ. ಅವುಗಳನ್ನು ಉಳಿಸಿಕೊಳ್ಳಬೇಕೆ, ಬೇಕಾದರೆ ಹೇಗೆ ಎಂಬುದೇ ಇಂದಿನ ನನ್ನ ವಿಷಯ. ಉದಾಹರಣೆಗೆ ನನಗೆ ಪರಿಚಿತವಾದ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನೇ ತೆಗೆದುಕೊಳ್ಳುತ್ತೇನೆ.

ಈ ಸೀಮೆ ಹಿಂದಿನಿಂದಲೂ ದಾರಿಯ ಸೀಮೆ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದ ಒಂದು ಜಹಗೀರು. ಹೀಗೆ ಎರಡು ಆಡಳಿತಗಳ ಅಂಚಿನಲ್ಲಿದ್ದ ಈ ಊರುಗಳಿಗೆ ವರ್ತಕರೂ, ಅಮಲ್ದಾರರೂ, ವ್ಯಾಜ್ಯಗಾರರೂ ಬಂದುಹೋಗುತ್ತಿದ್ದರು. ಕೊಳ್ಳೇಗಾಲದ ಕೈಮಗ್ಗದ ರೇಷ್ಮೆಯನ್ನು ಕೊಳ್ಳಲು ದೂರದೂರದವರು ಬಂದರು. ರೈಲು ಕೊಳ್ಳೇಗಾಲಕ್ಕೆ ಬರಲೇ ಇಲ್ಲವಾದ್ದರಿಂದ, ಸಂಜೆಯ ಬಸ್ಸು ತಪ್ಪಿದವನಿಗೆ ರಾತ್ರಿ ಅಲ್ಲಿಯೇ ಕಳೆಯಬೇಕಾಗುತ್ತಿತ್ತು. ಇವರೆಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಬಂದವರು ಮಲೆ ಮಹದೇಶ್ವರನ ಪರಿಷೆಯ ಜನ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಕಾಲಕ್ಕೆ ಕೊಳ್ಳೇಗಾಲದಿಂದ ಹನೂರು, ಅಲ್ಲಿಂದ ಕೌದಳ್ಳಿ, ಅಲ್ಲಿಂದ ತಾಳಬೆಟ್ಟ ಎಂದು ನಡೆದೇ ಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ. ಆ ದಾರಿಯ ಅರವಟ್ಟಿಗೆಗಳಲ್ಲಿ ನೀರು, ಮಜ್ಜಿಗೆ, ಪಾನಕ ಕೊಡುವುದು ಈ ಭಾಗದವರಿಗೆ ವ್ರತವಿದ್ದಂತೆ. ಕಟ್ಟಡ ಬರುವುದಕ್ಕೆ ಮೊದಲು ಬಂದದ್ದು ಈ ನೀರಿನ ಮಡಕೆ. ನಮ್ಮ ಎಲ್ಲ ಛತ್ರ, ಹೋಟೆಲುಗಳ ಮೂಲಪುರುಷನೂ ಅದೇ.

ಕಟ್ಟಡದ ಮಾತಿಗೆ ಬಂದರೆ, ಮೊದಲು ನೆನೆಯಬೇಕಾದವರು ರಾಮಸ್ವಾಮಿ ಮುದಲಿಯಾರರು. ಮೈಸೂರಿನ ರೆಸಿಡೆಂಟರ ಬಳಿ ನೌಕರಿಯಲ್ಲಿದ್ದ ಇವರು, ಕಾಡು ಬೆಳೆದು ಹಾಳುಬಿದ್ದಿದ್ದ ಶಿವನಸಮುದ್ರ ದ್ವೀಪವನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಮತ್ತೆ ಜನವಾಸಕ್ಕೆ ತಂದರು. ಕಾವೇರಿಯ ಕವಲುಗಳ ಮೇಲಿನ ಕಲ್ಲುಕಂಬಗಳ ಸೇತುವೆಗಳನ್ನು ಸ್ವಂತ ಖರ್ಚಿನಿಂದ ಎತ್ತಿ ನಿಲ್ಲಿಸಿದರು. ಅದಕ್ಕಾಗಿ ಸರ್ಕಾರ ಜಹಗೀರನ್ನೂ ಜನೋಪಕಾರಿಯೆಂಬ ಅರ್ಥದ ಬಿರುದನ್ನೂ ಕೊಟ್ಟಿತು. ಜಲಪಾತ ನೋಡಲು ಬರುವವರಿಗಾಗಿ ಜಹಗೀರ್ದಾರರು ಅಲ್ಲೊಂದು ಬಂಗಲೆಯನ್ನೂ ನಡೆಸುತ್ತಿದ್ದರೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಸೇತುವೆ ಕಟ್ಟಿದವನಿಗೆ ಬಂಗಲೆಯೂ ಬೇಕೆನಿಸಿದ್ದು ಸಹಜವೇ. ದಾರಿ ಮಾಡಿಕೊಟ್ಟ ಮೇಲೆ ದಾರಿಹೋಕನ ರಾತ್ರಿಯ ಚಿಂತೆಯನ್ನೂ ಮಾಡಬೇಕಷ್ಟೆ.

ಆ ಸೇತುವೆಗಳ ಮುಂದಿನ ಕಥೆ ನಮಗೆ ಪಾಠವಾಗಬೇಕು. ಪಕ್ಕದಲ್ಲಿ ಹೊಸ ಸೇತುವೆ ಬಂದಿತು. ಹಳೆಯದರ ಮೇಲೆ ವಾಹನ ನಿಂತಿತು. ವಾಹನ ನಿಂತ ಮೇಲೆ ಗಮನವೂ ನಿಂತಿತು. 2018ರ ಕಾವೇರಿ ಪ್ರವಾಹದಲ್ಲಿ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ಪತ್ರಿಕೆಗಳಲ್ಲಿ ಚಿತ್ರ ಬಂದಿತು. ಅನೇಕರಿಗೆ ಅಂಥದೊಂದು ಸೇತುವೆ ಇತ್ತೆಂಬುದು ತಿಳಿದದ್ದೇ ಅಂದು. ಬಳಕೆ ತಪ್ಪಿದ ಕಟ್ಟಡ ಒಂದೇ ದಿನ ಬೀಳುವುದಿಲ್ಲ. ಮೊದಲು ಅದು ಕಣ್ಣಿಂದ ಬೀಳುತ್ತದೆ, ಆಮೇಲೆ ನೆಲಕ್ಕೆ ಬೀಳುತ್ತದೆ.

ಯಳಂದೂರಿನಲ್ಲಿ ಇದಕ್ಕೆ ಒಂದು ಪ್ರತಿದೃಷ್ಟಾಂತವಿದೆ. ಆ ಊರನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮನ ಊರು ಅದು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪ, ಅದರ ಕಲ್ಲಿನ ಬಳೆಗಳ ಸರಪಣಿ ಎಲ್ಲವೂ ಪ್ರಸಿದ್ಧವೇ. 1807ರಲ್ಲಿ ಈ ಊರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತು. ಜಹಗೀರ್ದಾರರ ಬಂಗಲೆ ಬಹುಕಾಲ ಶಿಥಿಲವಾಗಿದ್ದು, ದುರಸ್ತಿಯಾದ ನಂತರ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಇದು ಸಂತೋಷದ ಸಂಗತಿ. ಆದರೆ ಆ ಕಟ್ಟಡಕ್ಕೆ ದಿವಾನರ ಹೆಸರಿನ ಬಲವಿತ್ತು. ಹೆಸರಿಲ್ಲದ ಕಟ್ಟಡಗಳ ಗತಿಯೇನು?

ಪೇಟೆಬೀದಿಯ ಹಳೆಯ ಹೋಟೆಲನ್ನು ನೆನೆಸಿಕೊಳ್ಳಿ. ಕೆಳಗೆ ಊಟ ತಿಂಡಿಯ ಅಂಗಳ, ಮೇಲೆ ಏಳೆಂಟು ಕೋಣೆ, ಬೀದಿಗೆ ತೆರೆದ ಮರದ ಕಟಕಟೆಯ ಪಡಸಾಲೆ, ಹಿತ್ತಿಲಲ್ಲಿ ಬಾವಿ ಮತ್ತು ಹಂಡೆಯೊಲೆ. ನಾನು ಅಧ್ಯಾಪಕನಾಗಿ ಈ ಸೀಮೆಗೆ ಹೊಸದಾಗಿ ಬಂದಾಗ ಬಾಡಿಗೆಯ ಮನೆ ದೊರೆಯದೆ ಅಂಥದೊಂದು ಹೋಟೆಲಿನ ಮಹಡಿಯಲ್ಲಿ ಒಂದೂವರೆ ತಿಂಗಳಿದ್ದೆ. "ಸಂಬಳ ಬಂದ ಮೇಲೆ ಕೊಡಿ ಮೇಷ್ಟ್ರೆ, ಊರು ಬಿಟ್ಟು ಓಡಿಹೋಗ್ತೀರಾ?" ಎಂದರು ಯಜಮಾನರು. ನನ್ನ ಎಡಗೋಣೆಯಲ್ಲಿ ಒಬ್ಬ ಕಚ್ಚಾ ರೇಷ್ಮೆಯ ದಲ್ಲಾಳಿ, ಬಲಗೋಣೆಯಲ್ಲಿ ಸರ್ವೆ ಇಲಾಖೆಯವರೊಬ್ಬರು. ಕನ್ನಡ, ತಮಿಳು, ಉರ್ದು ಮೂರೂ ಬೆರೆತ ವ್ಯಾಪಾರದ ಮಾತನ್ನು ನಾನು ಕಲಿತದ್ದು ಆ ಪಡಸಾಲೆಯಲ್ಲಿ. ಯಜಮಾನರು ತೀರಿಹೋಗಿ ಬಹಳ ವರ್ಷಗಳಾದವು. ಮಕ್ಕಳು ಬೇರೆ ಬೇರೆ ನಗರಗಳಲ್ಲಿದ್ದಾರೆ. ಬಾಗಿಲಿಗೆ ಬೀಗವಿದೆ, ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯಿದೆ. ಇಂಥ ಕಟ್ಟಡ ಇಲ್ಲದ ಪಟ್ಟಣ ನಮ್ಮ ನಾಡಿನಲ್ಲಿ ವಿರಳವೆಂದೇ ತೋರುತ್ತದೆ.

ಹಳೆಯ ಹೋಟೆಲನ್ನು ಹೊಗಳುವಾಗ ಅದರ ಕಪ್ಪು ಮುಖವನ್ನು ಮರೆಮಾಚಬಾರದು. ಎಲ್ಲ ಅತಿಥಿಗಳಿಗೂ ಎಲ್ಲ ಬಾಗಿಲೂ ತೆರೆದಿರಲಿಲ್ಲ. ಪ್ರವಾಸಿಗಳ ಬಂಗಲೆ ಬಹುಮಟ್ಟಿಗೆ ಬಿಳಿಯರಿಗೂ ಅಧಿಕಾರಿಗಳಿಗೂ ಮೀಸಲು. ಛತ್ರಗಳಲ್ಲಿ ಜಾತಿಯ ಪಂಕ್ತಿ. ಎಷ್ಟೋ ಹೋಟೆಲುಗಳ ಹಲಗೆಯ ಮೇಲೆ ಜಾತಿಯ ಹೆಸರೇ ಇರುತ್ತಿತ್ತು; ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗೆ, ಬೇರೆಯ ಲೋಟದಲ್ಲಿ ಕಾಫಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶದ ಮಾತನ್ನು ಹೆಸರಿಸಿಯೇ ಎತ್ತುತ್ತದೆ. ಜಾತಿ, ಮತ, ಲಿಂಗಗಳ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಬಾರದೆನ್ನುತ್ತದೆ. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಹೋಟೆಲಿಗೆ ಸ್ಥಾನ ದೊರೆತದ್ದು ಸಣ್ಣ ಸಂಗತಿಯಲ್ಲ. ದೇಶದ ಸಮಾನತೆಯ ಪರೀಕ್ಷೆ ನಡೆದದ್ದು ಇಂಥ ಮೇಜು ಬೆಂಚುಗಳ ಮೇಲೆಯೇ. ಆದ್ದರಿಂದ ಈ ಕಟ್ಟಡಗಳನ್ನು ಉಳಿಸಬೇಕೆನ್ನುವುದು ಹಳೆಯ ಕಾಲದ ವ್ಯಾಮೋಹದಿಂದಲ್ಲ. ಊರು ಯಾರನ್ನು ಒಳಗೆ ಕೂರಿಸಿತು, ಯಾರನ್ನು ಹೊರಗೆ ನಿಲ್ಲಿಸಿತು, ಎಂದಿನಿಂದ ಒಟ್ಟಿಗೆ ಕೂರಿಸಿತು ಎಂಬ ಮೂರೂ ಲೆಕ್ಕ ಅಲ್ಲಿದೆ. ಕಟ್ಟಡ ಹೋದರೆ ಔದಾರ್ಯದ ಸಾಕ್ಷಿಯ ಜೊತೆಗೆ ಅನ್ಯಾಯದ ಸಾಕ್ಷಿಯೂ ಹೋಗುತ್ತದೆ.

ಕಾನೂನು ಇವುಗಳನ್ನು ಕಾಯುವುದಿಲ್ಲವೆ ಎಂದು ಕೇಳಬಹುದು. ಪ್ರಾಚೀನ ಸ್ಮಾರಕಗಳ ಬಗ್ಗೆ 1958ರ ಕೇಂದ್ರದ ಕಾಯಿದೆಯಿದೆ, 1961ರ ನಮ್ಮ ರಾಜ್ಯದ ಕಾಯಿದೆಯಿದೆ. ಕೇಂದ್ರದ ಕಾಯಿದೆಯಂತೆ ಪ್ರಾಚೀನ ಸ್ಮಾರಕವೆನಿಸಿಕೊಳ್ಳಲು ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. ದೇವಾಲಯಕ್ಕೆ, ಕೋಟೆಗೆ ಇದು ಸುಲಭ. ಆದರೆ 1930ರ, 40ರ ದಶಕಗಳಲ್ಲಿ ಎದ್ದ ಹೋಟೆಲುಗಳು ನೂರನ್ನು ಮುಟ್ಟುವ ಮೊದಲೇ ಗುಂಟೆಯ ಬೆಲೆ ಅವುಗಳ ಆಯುಷ್ಯವನ್ನು ತೀರ್ಮಾನಿಸುತ್ತದೆ. ಇನ್ನು ಮನೆಯವರ ಕಷ್ಟವೂ ಕಷ್ಟವೇ. ಆದಾಯವಿಲ್ಲದ ಕಟ್ಟಡವನ್ನು ಊರಿನ ಹೆಮ್ಮೆಗಾಗಿ ಇಟ್ಟುಕೊಂಡಿರಿ ಎನ್ನುವುದು ಉಪದೇಶವಾದೀತೇ ಹೊರತು ನ್ಯಾಯವಾಗಲಾರದು.

ಹಾಗಾದರೆ ಉಳಿದುಕೊಂಡ ಕಟ್ಟಡಗಳು ಹೇಗೆ ಉಳಿದವು? ಮೈಸೂರಿನ ಮೆಟ್ರೊಪೋಲ್ ಹೋಟೆಲನ್ನು ನೋಡಿ. ಮಹಾರಾಜರ ಅತಿಥಿಗಳಿಗಾಗಿ 1920ರಲ್ಲಿ ಕಟ್ಟಿದ ಸೌಧ ಅದು. ಹೋಟೆಲಾಗಿ ಬಾಳಿ, ನಡುವೆ ಬೀಗ ಬಿದ್ದು, 2004ರ ಸುಮಾರಿಗೆ ದುರಸ್ತಿಗೊಂಡು ಮತ್ತೆ ಹೋಟೆಲೇ ಆಯಿತು. ಬೆಂಗಳೂರಿನ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆದದ್ದು. ಒಂದು ಶತಮಾನ ದಾಟಿಯೂ ಪ್ರಯಾಣಿಕರನ್ನು ಇರಿಸಿಕೊಳ್ಳುತ್ತ ಬಂದಿತು. ಒಂದು ಅರಸರದು, ಒಂದು ವರ್ತಕರದು. ಎರಡನ್ನೂ ಉಳಿಸಿದ್ದು ಅತಿಥಿ. ದೇವರಿಲ್ಲದ ಗುಡಿಯನ್ನು ಶಿಲ್ಪಕ್ಕಾಗಿಯಾದರೂ ನೋಡಲು ಬರುತ್ತಾರೆ. ಅತಿಥಿಯಿಲ್ಲದ ಬಿಡಾರವನ್ನು ನೋಡಲು ಯಾರು ಬರುತ್ತಾರೆ? ಇದಕ್ಕೆ ವಿರುದ್ಧವಾಗಿ, ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿಗೆ ಬರುತ್ತದೆ. 2012ರಲ್ಲಿ ಅದರ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. ಕುಸಿದ ಮೇಲೆ ಉಳಿಸಬೇಕೆ ಕೆಡವಬೇಕೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ವಾದಕ್ಕೆ ತಗಲುವ ಕಾಲದಲ್ಲಿ ಒಂದಿಷ್ಟನ್ನು ದುರಸ್ತಿಗೆ ಮೊದಲೇ ಕೊಡಬಾರದಿತ್ತೆ ಎನಿಸುತ್ತದೆ.

ಸಣ್ಣ ಪಟ್ಟಣಕ್ಕೆ ಅರಸರ ಹಣವಿಲ್ಲ. ಆದರೆ ಮಾಡಬಹುದಾದ ಕೆಲವು ಕೆಲಸಗಳಿಗೆ ಅಷ್ಟು ಹಣ ಬೇಕಾಗಿಯೂ ಇಲ್ಲ. ಮೊದಲನೆಯದು, ನೀರನ್ನು ತಡೆಯುವುದು. ಹಳೆಯ ಕಟ್ಟಡದ ಮುಖ್ಯ ಶತ್ರು ಮುಪ್ಪಲ್ಲ, ಮಳೆ. ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿಗಳು ಈ ಭಾಗದಲ್ಲುಂಟು. ತಾರಸಿಯ ಮೇಲೆ ನೀರು ನಿಂತರೆ ತೊಲೆಯ ತುದಿ ಕೊಳೆಯುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ನೀರು ಹೋಗುವ ದಾರಿಯನ್ನು ಬಿಡಿಸಿ, ಅರಳಿಯ ಸಸಿಯನ್ನು ಬೇರುಸಹಿತ ಕಿತ್ತರೆ ಕಟ್ಟಡಕ್ಕೆ ಹತ್ತು ವರ್ಷದ ಆಯುಷ್ಯ. ಬಿರುಕಿಗೆ ಸಿಮೆಂಟನ್ನು ಮೆತ್ತುವುದು ಉಪಕಾರದಂತೆ ಕಾಣುವ ಅಪಕಾರ. ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಒಳಗಿನ ತೇವವನ್ನು ಸಿಮೆಂಟು ಕಟ್ಟಿಹಾಕುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಸುಣ್ಣ ಅರೆಯಬಲ್ಲ ಗಾರೆಕೆಲಸದವರು ಎಲ್ಲಾದರೂ ಇದ್ದರೆ, ಅವರನ್ನು ಹುಡುಕುವುದೇ ಸಂರಕ್ಷಣೆಯ ಆರಂಭ.

ಎರಡನೆಯದು, ಕಾಗದಗಳನ್ನು ಉಳಿಸುವುದು. ಹೋಟೆಲಿನ ಅತಿಥಿಗಳ ದಾಖಲೆ ಪುಸ್ತಕ, ದಿನಸಿಯ ಚೀಟಿ, ಹಾಲಿನ ಲೆಕ್ಕ, ದರಪಟ್ಟಿಯ ಹಲಗೆ ಇವೆಲ್ಲ ಗುಜರಿಗೆ ಹೋಗುವ ವಸ್ತುಗಳು. ನಮಗೆ ಶಾಸನಗಳ ಮೇಲಿರುವ ಭಕ್ತಿ ಈ ಪುಸ್ತಕಗಳ ಮೇಲೆ ಇಲ್ಲ. ದಾನಶಾಸನ ಕೊಟ್ಟವನ ಹೆಸರನ್ನು ಹೇಳುತ್ತದೆ. ಉಂಡವನ ಹೆಸರನ್ನು ಹೇಳುವುದು ಹೋಟೆಲಿನ ಪುಸ್ತಕ. ಯಾವ ಊರಿನವನು, ಯಾವ ಕೆಲಸಕ್ಕೆ, ಎಷ್ಟು ದಿನ ಎಂಬುದು ಅಲ್ಲಿರುತ್ತದೆ. ಪದವಿ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಇಂಥ ಪುಸ್ತಕಗಳನ್ನು ಪಟ್ಟಿಮಾಡಬಹುದು. ಹಳೆಯ ಅಡಿಗೆಯವರು, ಮಾಣಿಗಳು ಬದುಕಿದ್ದರೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬಹುದು. ಹೊರಗೆ ನಿಂತು ಕಾಫಿ ಕುಡಿದವರ ಮಾತನ್ನೂ ಮರೆಯದೆ ಕೇಳಬೇಕು.

ಮೂರನೆಯದು, ಕಟ್ಟಡಕ್ಕೆ ಕೆಲಸ ಕೊಡುವುದು. ಎಲ್ಲವನ್ನೂ ವಸ್ತುಸಂಗ್ರಹಾಲಯ ಮಾಡುವ ಅವಸರ ಬೇಡ. ಕೊಳ್ಳೇಗಾಲ, ಹನೂರುಗಳಲ್ಲಿ ಬೆಟ್ಟಕ್ಕೆ ನಡೆದುಹೋಗುವವರಿಗೆ ಒಂದು ರಾತ್ರಿಯ ಚೊಕ್ಕಟವಾದ ಚಾಪೆ, ಬಿಸಿನೀರು ಬೇಕು. ನೇಕಾರರಿಗೆ ಸೀರೆ ತೋರಿಸಲು ಪೇಟೆಬೀದಿಯಲ್ಲಿ ಒಂದು ಪಡಸಾಲೆ ಬೇಕು. ಮಹಡಿಯಲ್ಲಿ ಕೋಣೆ, ಕೆಳಗೆ ಅಂಗಡಿ, ಒಂದು ಮೂಲೆಯಲ್ಲಿ ವಾಚನಾಲಯ ಇಷ್ಟಾದರೂ ಕಟ್ಟಡ ತನ್ನ ಅನ್ನವನ್ನು ತಾನು ಸಂಪಾದಿಸೀತು. ಹೀಗೆ ನಡೆಸುವ ಮನೆಯವರಿಗೆ ಪುರಸಭೆ, ನಗರಸಭೆಗಳು ಕಂದಾಯದಲ್ಲಿ ಸ್ವಲ್ಪ ರಿಯಾಯಿತಿ ತೋರಿಸಿದರೆ, ಹಳೆಯದನ್ನು ಇಟ್ಟುಕೊಂಡದ್ದು ದಂಡವಾಯಿತೆಂದು ಅವರಿಗೆ ಅನಿಸಲಾರದು.

ಒಂದು ಊರಿನ ದೊಡ್ಡತನವನ್ನು ಅದರ ಗೋಪುರದಿಂದ ಅಳೆಯುವುದು ವಾಡಿಕೆ. ರಾತ್ರಿ ಹತ್ತು ಗಂಟೆಗೆ ಬಸ್ಸಿಳಿದ ಅಪರಿಚಿತನಿಗೆ ಆ ಊರು ಏನು ಕೊಟ್ಟಿತು ಎಂಬುದು ಅದಕ್ಕಿಂತ ಖಚಿತವಾದ ಅಳತೆ. ಮಡಕೆಯ ನೀರಿನಿಂದ ಮಹಡಿಯ ಕೋಣೆಯವರೆಗೆ ನಮ್ಮ ಹಿರಿಯರು ಅದಕ್ಕೆ ಒಂದೊಂದು ಉತ್ತರವನ್ನು ಕಟ್ಟಿದರು. ಕೆಲವನ್ನು ಚೆನ್ನಾಗಿ ಕಟ್ಟಿದರು, ಕೆಲವನ್ನು ಸಂಕುಚಿತವಾಗಿ ಕಟ್ಟಿದರು. ಆ ಉತ್ತರಗಳನ್ನು ತಿದ್ದಿ, ಬಾಗಿಲನ್ನು ಎಲ್ಲರಿಗೂ ತೆರೆದು, ಮುಂದುವರಿಸುವುದು ನಮ್ಮ ಪಾಲಿನ ಕೆಲಸ. ಈ ಮಳೆಗಾಲಕ್ಕೆ ಮೊದಲು ಯಾರಾದರೊಬ್ಬರು ಒಂದು ಬೀಗ ತೆಗೆಸಿ ತಾರಸಿಯ ಮೇಲೆ ಹತ್ತಿ ನೋಡಲಿ.