ಹೂಮಳೆಯ ಕೆಳಗೆ

ಬಾನುಲಿಯಲ್ಲಿ ಚಿತ್ರವೊಂದನ್ನು ಕುರಿತು ಮಾತನಾಡುವಾಗ ಕೇಳುಗರು ಕಿವಿಯನ್ನೇ ಕಣ್ಣಾಗಿಸಿಕೊಳ್ಳಬೇಕಾಗುತ್ತದೆ. ನಾನು ಆರಿಸಿಕೊಂಡಿರುವುದು ಲಾರೆನ್ಸ್ ಆಲ್ಮಾ-ತಡೇಮಾ 1888ರಲ್ಲಿ ರಚಿಸಿದ ‘ಹೀಲಿಯೊಗ್ಯಾಬಲಸನ ಗುಲಾಬಿಗಳು’ ಎಂಬ ತೈಲಚಿತ್ರ. ಹಾಲೆಂಡಿನಲ್ಲಿ ಹುಟ್ಟಿ, 1870ರಿಂದ ಲಂಡನ್ನಿನಲ್ಲಿ ನೆಲಸಿದ ಈ ಕಲಾವಿದ ಪುರಾತನ ರೋಮಿನ ವೈಭವವನ್ನು ಚಿತ್ರಿಸಿ ಹೆಸರಾದವನು. ಅಮೃತಶಿಲೆಯ ನುಣುಪನ್ನು ಬಣ್ಣದಲ್ಲಿ ತರುವ ಅವನ ಕೈಚಳಕ ಅಸಾಧಾರಣವಾದುದು.

ಚಿತ್ರದ ಮುಂಭಾಗದ ತುಂಬ ಗುಲಾಬಿಯ ಎಸಳುಗಳ ಪ್ರವಾಹ. ನಡುನಡುವೆ ಅತಿಥಿಗಳ ಮುಖಗಳು, ತೋಳುಗಳು. ಹಿಂದೆ ಎತ್ತರದ ಜಗಲಿಯ ಮೇಲೆ ಹೊನ್ನಿನ ಉಡುಪಿನ ತರುಣ ಚಕ್ರವರ್ತಿ ಬೋರಲಾಗಿ ಒರಗಿ ನೋಡುತ್ತಿದ್ದಾನೆ. ಒಬ್ಬಳು ಜೋಡಿ ಕೊಳಲು ನುಡಿಸುತ್ತಿದ್ದಾಳೆ. ಮೊದಲ ನೋಟಕ್ಕೆ ಇದೊಂದು ವಸಂತೋತ್ಸವ.

ಆಧಾರವಾದ ಕಥೆ ಘೋರವಾದುದು. ಹದಿನಾಲ್ಕರ ಹರೆಯದಲ್ಲಿ ಪಟ್ಟಕ್ಕೆ ಬಂದು, ಕ್ರಿ.ಶ. 218ರಿಂದ 222ರವರೆಗೆ ಆಳಿ, ಕೊಲೆಯಾಗಿ ಹೋದ ಈ ದೊರೆ, ಭೋಜನಶಾಲೆಯ ಮೇಲ್ಛಾವಣಿಯಿಂದ ಹೂ ಸುರಿಸಿದನಂತೆ. ತೆವಳಿ ಮೇಲೆ ಬರಲಾರದೆ ಕೆಲವರು ಉಸಿರುಗಟ್ಟಿ ಸತ್ತರಂತೆ. ಹೀಗೆನ್ನುವುದು ‘ಹಿಸ್ಟೋರಿಯಾ ಆಗಸ್ಟಾ’ ಎಂಬ ಲ್ಯಾಟಿನ್ ಗ್ರಂಥ. ಇತಿಹಾಸಕಾರರು ಅದನ್ನು ಸುಲಭವಾಗಿ ನಂಬುವುದಿಲ್ಲ. ಅಲ್ಲಿ ಹೆಸರಿಸಿರುವ ಹೂವೂ ವಯೊಲೆಟ್. ಗುಲಾಬಿ ಚಿತ್ರಕಾರನ ಆಯ್ಕೆ. ಅದಕ್ಕಾಗಿ ಅವನು ಚಳಿಗಾಲದುದ್ದಕ್ಕೂ ದಕ್ಷಿಣ ಫ್ರಾನ್ಸಿನಿಂದ ವಾರವಾರವೂ ಹೂ ತರಿಸಿಕೊಂಡನು. ಹೀಗೆ, ಸಂದೇಹಾಸ್ಪದವಾದ ಒಂದು ಘಟನೆಗೆ ನಿಜವಾದ ಎಸಳುಗಳು ಸಾಕ್ಷಿ ನುಡಿಯುವಂತಾಯಿತು.

ಇನ್ನೊಂದು ಸಂಗತಿ ನನ್ನನ್ನು ಬಹುಕಾಲ ಕಾಡಿದೆ. ಮುಳುಗುತ್ತಿರುವವರ ಮುಖಗಳಲ್ಲಿ ಭೀತಿ ಕಾಣುವುದಿಲ್ಲ. ಶೃಂಗಾರವು ಭಯಾನಕವನ್ನು ಹೊದ್ದುಕೊಂಡಿದೆಯೆನ್ನೋಣವೇ? ಅಥವಾ ಅಲಂಕಾರದ ಮೋಹದಲ್ಲಿ ಕಲಾವಿದ ಸಾವನ್ನೇ ಮರೆತನೆನ್ನೋಣವೇ? ಎರಡಕ್ಕೂ ಅವಕಾಶವಿದೆ. ಚಿತ್ರ ಬರೆಯಿಸಿದವನು 4,000 ಪೌಂಡು ತೆತ್ತ ಜಾನ್ ಏರ್ಡ್. ಮುಂದೆ 1902ರಲ್ಲಿ ಮುಗಿದ ಈಜಿಪ್ಟಿನ ಅಸ್ವಾನ್ ಅಣೆಕಟ್ಟೆಯ ಗುತ್ತಿಗೆದಾರ. ಸಾಮ್ರಾಜ್ಯದ ಸಂಪತ್ತನ್ನು ಉಂಡ ಲಂಡನ್ನು ರೋಮಿನ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡಿತೆಂದರೆ ತಪ್ಪಾಗಲಾರದು.

ಆ ಹೂವನ್ನು ಬೆಳೆದವರು, ಕೊಯ್ದವರು, ಛಾವಣಿಗೆ ಹೊತ್ತವರು ಯಾರು? ರೋಮಿನ ಅರಮನೆಗಳು ನಡೆದದ್ದು ದಾಸರ ದುಡಿಮೆಯಿಂದ. ಆ ಕೈಗಳ ಬೆವರಿಗೆ ಈ ಚಿತ್ರದ ಸುಗಂಧದಲ್ಲಿ ಎಡೆಯಿಲ್ಲ.

ಅಷ್ಟಕ್ಕೇ ಚಿತ್ರವನ್ನು ತಳ್ಳಿಹಾಕುವುದು ರಸಿಕತನವಾಗಲಾರದು. ಜಗಲಿಯ ಮೇಲಿನಿಂದ ಚಕ್ರವರ್ತಿ ನೋಡುತ್ತಾನೆ. ಚೌಕಟ್ಟಿನ ಈಚೆಯಿಂದ ನಾವು ನೋಡುತ್ತೇವೆ. ನಡುವೆ ಮನುಷ್ಯರು ಮುಳುಗುತ್ತಿದ್ದಾರೆ. ಇಬ್ಬರ ಕಣ್ಣಿಗೂ ಮೊದಲು ಬಿದ್ದದ್ದು ಗುಲಾಬಿ. ಅನಂತರ ನಾವು ಏನನ್ನು ಕಾಣುತ್ತೇವೆಂಬುದರಲ್ಲಿ ನಮಗೂ ಅವನಿಗೂ ಇರಬೇಕಾದ ಅಂತರ ಅಡಗಿದೆ.