ಕಾರ್ಯತಂಡದ ಶಿಬಿರ: ಯಾತಕ್ಕೆ, ಯಾವಾಗ, ಎಲ್ಲಿ



ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟ ಬಸ್ಸುಗಳು ಶನಿವಾರ ಬೆಳಗಾಗುವಷ್ಟರಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳ ಹೋಂಸ್ಟೇ ಅಂಗಳದಲ್ಲಿ ನಿಂತಿರುತ್ತವೆ. ಒಂದು ಕಚೇರಿಯ ಮೂವತ್ತು ನಲವತ್ತು ಮಂದಿ ಇಳಿಯುತ್ತಾರೆ. ಹಗಲು ಹಗ್ಗಜಗ್ಗಾಟ, ರಾತ್ರಿ ಧ್ವನಿವರ್ಧಕ, ಮರಳುವಾಗ ಒಂದು ಗುಂಪುಚಿತ್ರ. ಹಿಂದೆ ಉಳಿಯುವುದು ಹಳ್ಳದ ದಂಡೆಯ ಪ್ಲಾಸ್ಟಿಕ್ ಬಾಟಲಿಗಳು. ಇದನ್ನು ನಗರದವರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬೆಟ್ಟದ ಊರುಗಳ ಸಂಘಟನೆಗಳು, ಸ್ವಸಹಾಯ ಗುಂಪುಗಳು, ಸಹಕಾರಿ ಸಂಘಗಳು ನಡೆಸುವ ಶಿಬಿರಗಳಾದರೂ ಎಷ್ಟರಮಟ್ಟಿಗೆ ಸಾರ್ಥಕವಾಗುತ್ತಿವೆ? ಉದ್ಘಾಟನೆ, ಹಾರ ತುರಾಯಿ, ಅಧ್ಯಕ್ಷೀಯ ಭಾಷಣ, ಊಟ, ವಂದನಾರ್ಪಣೆ. ಊಟದ ಅನಂತರ ಸಭೆಯಲ್ಲಿ ಉಳಿಯುವವರು ಅರ್ಧದಷ್ಟು. ಅವರಲ್ಲಿ ಎಚ್ಚರವಾಗಿರುವವರು ಇನ್ನೂ ಕಡಿಮೆ.

ಕೆಲಸದ ಸ್ಥಳದಿಂದ ದೂರ ಹೋಗಿ ಕೂಡುವ ಈ ಪದ್ಧತಿಗೆ ಒಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆ ಉಂಟಾದಾಗ, ಜನರು ಸಾಮಾನ್ಯವಾಗಿ ತಿನ್ನದಿದ್ದ ಹೃದಯ, ಮೂತ್ರಪಿಂಡ ಮೊದಲಾದ ಭಾಗಗಳನ್ನು ಬಳಕೆಗೆ ತರಲು ಸರ್ಕಾರ ಬಯಸಿತು. ಜರ್ಮನಿಯಿಂದ ಅಲ್ಲಿಗೆ ವಲಸೆ ಬಂದಿದ್ದ ಮನೋವಿಜ್ಞಾನಿ ಕುರ್ಟ್ ಲೆವಿನ್ ಗೃಹಿಣಿಯರ ಕೆಲವು ಗುಂಪುಗಳಿಗೆ ಉತ್ತಮ ಉಪನ್ಯಾಸ ಕೊಡಿಸಿದರು. ಉಳಿದ ಗುಂಪುಗಳು ತಾವೇ ಚರ್ಚಿಸಿ ತೀರ್ಮಾನಿಸುವಂತೆ ಮಾಡಿದರು. ಉಪನ್ಯಾಸ ಕೇಳಿದವರಲ್ಲಿ ಮನೆಯಲ್ಲಿ ಆ ಅಡುಗೆ ಮಾಡಿದವರು ಶೇ. 3, ಚರ್ಚಿಸಿ ನಿರ್ಧರಿಸಿದವರಲ್ಲಿ ಶೇ. 32. ಮಾಂಸದ ಮಾತು ಇಲ್ಲಿ ಕೆಲವರಿಗೆ ಮುಜುಗರವೆನಿಸಿದರೆ ಅದರ ಜಾಗದಲ್ಲಿ ಬೋರ್ಡೋ ದ್ರಾವಣವನ್ನೋ ಕಾಂಪೋಸ್ಟ್ ಗೊಬ್ಬರವನ್ನೋ ಇಟ್ಟುಕೊಳ್ಳಬಹುದು. ಉತ್ತಮ ಭಾಷಣ ಕೇಳಿ ತಲೆದೂಗಿದ ಎಷ್ಟು ಮಂದಿ ರೈತರು ಮರುದಿನ ತೋಟದಲ್ಲಿ ಅದನ್ನು ಆಚರಿಸಿದರೆಂಬುದು ಕೃಷಿ ವಿಸ್ತರಣೆಯಲ್ಲಿ ದುಡಿದವರಿಗೆಲ್ಲ ತಿಳಿದ ಸಂಗತಿ.

1946ರಲ್ಲಿ ಅದೇ ಲೆವಿನ್ ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಹಗಲಿನ ಚರ್ಚೆಗಳಲ್ಲಿ ಯಾರು ಹೇಗೆ ವರ್ತಿಸಿದರೆಂದು ವೀಕ್ಷಕರು ಸಂಜೆ ಪ್ರತ್ಯೇಕವಾಗಿ ಕುಳಿತು ವಿಮರ್ಶಿಸುತ್ತಿದ್ದರು. ಶಿಬಿರಾರ್ಥಿಗಳಲ್ಲಿ ಕೆಲವರು ತಾವೂ ಕೇಳಬಹುದೇ ಎಂದರು. ಕೇಳಿದವರು, ತಾವು ನಡೆದುಕೊಂಡದ್ದು ಹಾಗಲ್ಲವೆಂದು ವಾದಕ್ಕಿಳಿದರು. ಕಾರ್ಯಾಗಾರದ ಅತ್ಯಂತ ಫಲವತ್ತಾದ ಭಾಗ ಈ ಸಂಜೆಯ ವಾದವೇ ಆಯಿತು! ಮರುವರ್ಷದ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ಬೆಥೆಲ್ ಎಂಬ ಸಣ್ಣ ಊರಿನಲ್ಲಿ ಇದಕ್ಕಾಗಿಯೇ ಶಿಬಿರ ಏರ್ಪಟ್ಟಿತು. ಲೆವಿನ್ ಆ ವೇಳೆಗೆ ತೀರಿಕೊಂಡಿದ್ದರು. ಪಟ್ಟಣದ ದಿನಚರಿಯಿಂದ ಬೇರ್ಪಟ್ಟ ಮನುಷ್ಯ ತನ್ನ ಹಳೆಯ ಪಾತ್ರವನ್ನು ಸಡಿಲಿಸುತ್ತಾನೆ ಎಂಬುದು ದೂರದ ಊರನ್ನು ಆರಿಸಿದುದರ ಹಿಂದಿನ ತರ್ಕ. ಇಂದಿನ ಕಂಪನಿಗಳ ಪ್ರವಾಸಗಳಲ್ಲಿ ದೂರ ಉಳಿದಿದೆ, ತರ್ಕ ಕಳೆದುಹೋಗಿದೆ.

ಆದ್ದರಿಂದ ಶಿಬಿರದ ಸಿದ್ಧತೆ ಸ್ಥಳದ ಹುಡುಕಾಟದಿಂದ ಆರಂಭವಾಗಬಾರದು. ಎಲ್ಲರೂ ಒಂದೆಡೆ ಕೂಡದೆ ತೀರ್ಮಾನಿಸಲಾಗದ ವಿಷಯ ಯಾವುದು? ಅದನ್ನು ಒಂದು ವಾಕ್ಯದಲ್ಲಿ ಬರೆಯಲು ಸಾಧ್ಯವಾಗಬೇಕು. ‘ಪರಿಸರ ಜಾಗೃತಿ’ ಎಂಬುದು ಅಂತಹ ವಾಕ್ಯವಲ್ಲ. ‘ಈ ವರ್ಷ ಗ್ರಾಮದ ಬೆಟ್ಟದಲ್ಲಿ ಸೊಪ್ಪು ಕಡಿಯುವ ಸರದಿಯನ್ನು ಹೇಗೆ ಹಂಚಿಕೊಳ್ಳುವುದು’ ಎಂಬುದು ಹೌದು. ಹಾಗೆ ಬರೆಯಲು ಆಗದಿದ್ದಲ್ಲಿ ಶಿಬಿರ ಬೇಡ. ಒಂದು ಕರಪತ್ರ ಸಾಕು, ಖರ್ಚೂ ಉಳಿಯುತ್ತದೆ.

ಎಷ್ಟು ಮಂದಿ ಇರಬೇಕೆಂಬ ಪ್ರಶ್ನೆಗೆ ಉತ್ತರದ ಎಳೆಯೊಂದು ಕೃಷಿ ವಿಜ್ಞಾನದಿಂದಲೇ ದೊರೆಯುತ್ತದೆ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಮನುಷ್ಯರಿಂದ ಹಗ್ಗ ಎಳೆಸಿ ಬಲವನ್ನು ಅಳೆದರು. 1913ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಎಂಟು ಮಂದಿ ಕೂಡಿ ಎಳೆದಾಗ ತಲಾ ಬಲ ಒಬ್ಬಂಟಿಯಾಗಿ ಎಳೆದಾಗಿನದರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಂದಾಣಿಕೆಯ ಕೊರತೆ ಒಂದು ಕಾರಣ, ‘ಬೇರೆಯವರು ಎಳೆಯುತ್ತಾರೆ’ ಎಂಬ ಭಾವ ಇನ್ನೊಂದು. ಚರ್ಚೆಯೂ ಹಗ್ಗದಂತೆಯೇ. ನಲವತ್ತು ಮಂದಿ ಬಂದರೆ ಐದಾರು ಮಂದಿಯ ಗುಂಪುಗಳಾಗಿ ಕೂರಿಸುವುದು ಲೇಸು. ಅದಕ್ಕೂ ಮೊದಲು ಪ್ರತಿಯೊಬ್ಬರಿಗೂ ಹತ್ತು ನಿಮಿಷ ಮೌನವಾಗಿ ಬರೆಯಲು ಅವಕಾಶವಿರಲಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನದಲ್ಲಿ, ನಾಲ್ವರು ಕೂಡಿ ಮಾತಾಡುತ್ತ ಕೊಟ್ಟ ಸಲಹೆಗಳಿಗಿಂತ ನಾಲ್ವರು ಪ್ರತ್ಯೇಕವಾಗಿ ಯೋಚಿಸಿ ಕೊಟ್ಟವುಗಳ ಮೊತ್ತವೇ ಹೆಚ್ಚಾಗಿತ್ತು. ಬರೆಯಲು ಬಾರದ ಹಿರಿಯರ ಪಕ್ಕದಲ್ಲಿ ವಿದ್ಯಾರ್ಥಿಯೊಬ್ಬರು ಕುಳಿತು ಬರೆದುಕೊಳ್ಳಲಿ. ಊರಿನ ದೊಡ್ಡ ಹಿಡುವಳಿದಾರರು ಮಾತು ಮುಗಿಸಿದ ಮೇಲೆ ಕೂಲಿಯವರು ಬಾಯಿ ತೆರೆಯುವುದು ಅಪರೂಪ. ಚೀಟಿಗೆ ಮಾತ್ರ ಆ ಸಂಕೋಚವಿಲ್ಲ.

ಕಾಲದ ಆಯ್ಕೆಯಲ್ಲಿ ನಗರದವರು ರಜೆಯ ಪಟ್ಟಿ ನೋಡುತ್ತಾರೆ, ಮಲೆನಾಡಿನವರು ನೋಡಬೇಕಾದದ್ದು ಬೆಳೆಯ ಪಂಚಾಂಗ. ಜೂನ್, ಜುಲೈಗಳಲ್ಲಿ ಮಳೆ, ನಾಟಿ, ಕೊಳೆರೋಗಕ್ಕೆ ಔಷಧಿ ಸಿಂಪಡಣೆ. ನವೆಂಬರಿನಿಂದ ಅಡಿಕೆ ಕೊಯ್ಲು, ಅದರ ಹಿಂದೆಯೇ ಕಾಫಿ. ಬೇಸಿಗೆಯಲ್ಲಿ ನೀರಿಲ್ಲ, ಮೇಲಾಗಿ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣ್ಣಿಗಳಿಂದ ಹರಡುವಂಥದ್ದು. ಪ್ರಕರಣಗಳು ಬಹುತೇಕ ಡಿಸೆಂಬರಿನಿಂದ ಮೇ ತಿಂಗಳ ನಡುವೆ ಕಾಣಿಸುತ್ತವೆ. ಆ ತಿಂಗಳುಗಳಲ್ಲಿ ಶಿಬಿರಾರ್ಥಿಗಳನ್ನು ಕಾಡಿನ ತರಗೆಲೆಯ ಮೇಲೆ ಕೂರಿಸಿ ‘ಪ್ರಕೃತಿಯ ಮಡಿಲಲ್ಲಿ ಸಂವಾದ’ ನಡೆಸುವುದು ಉತ್ಸಾಹವಲ್ಲ, ಅವಿವೇಕ. ಲೆಕ್ಕ ಹಾಕಿದರೆ ಮಳೆ ಇಳಿದು ಕೊಯ್ಲು ಇನ್ನೂ ಹಿಡಿಯದ ಅಕ್ಟೋಬರ್ ಮಾತ್ರ ಉಳಿಯುತ್ತದೆ. ಅದರಲ್ಲಿಯೂ ನವರಾತ್ರಿ, ಕೆಲವು ವರ್ಷ ದೀಪಾವಳಿ.

ವರ್ಷದ ಪಂಚಾಂಗಕ್ಕಿಂತ ದಿನದ ಪಂಚಾಂಗ ಇನ್ನೂ ಕಠಿಣ. ಎರಡು ದಿನದ ವಸತಿ ಶಿಬಿರವೆಂದು ಆಹ್ವಾನ ಪತ್ರಿಕೆ ಅಚ್ಚಾದ ಕ್ಷಣವೇ ಕೊಟ್ಟಿಗೆಯಲ್ಲಿ ಕರೆಯುವ ಹಸುವಿರುವ ಹೆಣ್ಣುಮಕ್ಕಳೆಲ್ಲ ಹೊರಗುಳಿದರು. ‘ಮಹಿಳೆಯರು ಬರಲಿಲ್ಲ’ ಎಂದು ಆಮೇಲೆ ವರದಿಯಲ್ಲಿ ಬರೆಯುವ ಸಂಘಟಕರು ಬೆಳಿಗ್ಗೆ ಸಂಜೆ ಹಾಲು ಕರೆಯುವವರು ಯಾರೆಂದು ಮೊದಲು ವಿಚಾರಿಸಿರುವುದಿಲ್ಲ. ಇದಕ್ಕೆ ಪರಿಹಾರ ಊರಲ್ಲಿಯೇ ಇದೆ. ನಾಟಿಗೆ ಮುಯ್ಯಾಳು ಕೊಟ್ಟು ಪಡೆಯುವಂತೆ ಹಾಲು ಕರೆಯುವ ಕೆಲಸಕ್ಕೂ ಮುಯ್ಯಿ ಸಾಧ್ಯ: ಮೊದಲ ತಂಡ ಶಿಬಿರಕ್ಕೆ ಹೋದಾಗ ಎರಡನೆಯ ತಂಡದವರು ಅವರ ಕೊಟ್ಟಿಗೆ ನೋಡಿಕೊಳ್ಳುವುದು, ಮುಂದಿನ ಸಲ ಅದಲು ಬದಲು. ಈ ಏರ್ಪಾಟು ಪೂರ್ಣವಾದ ಮೇಲೆಯೇ ದಿನಾಂಕ ಗೊತ್ತುಮಾಡಬೇಕು. ಗೊತ್ತಾಗದಿದ್ದರೆ ಎರಡು ಹಗಲುಗಳ ಶಿಬಿರ ನಡೆಯಲಿ, ರಾತ್ರಿ ಎಲ್ಲರೂ ಮನೆ ಸೇರಲಿ.

ಸ್ಥಳ ದೂರವಿರಬೇಕು, ದುರ್ಗಮವಿರಬೇಕಾಗಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣಕ್ಕೆ ನೆರೆದ ಜನಜಂಗುಳಿಯನ್ನು ಕಂಡ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳಿಗೆ ತಾತ್ಕಾಲಿಕ ತಡೆ ಹಾಕಬೇಕಾಯಿತು. ಶಿಬಿರಕ್ಕೆ ಶಿಖರ ಅನಗತ್ಯ. ಪಕ್ಕದ ಹೋಬಳಿಯ ಶಾಲೆ, ಖಾಲಿಯಿರುವ ಅಡಿಕೆ ಅಂಗಳ, ಸಹಕಾರಿ ಸಂಘದ ಸಭಾಂಗಣ ಧಾರಾಳವಾಯಿತು. ಮೊಬೈಲ್ ಸಂಕೇತ ಸಿಗದಿರುವುದು ಚರ್ಚೆಗೆ ವರವೇ. ಆದರೆ ಹಾವು ಕಡಿತಕ್ಕೆ ಪ್ರತಿವಿಷ ಇಟ್ಟಿರುವ ಆಸ್ಪತ್ರೆ ಎಲ್ಲಿದೆ, ಜೀಪು ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದನ್ನು ಒಬ್ಬರು ಮುಂಚಿತವಾಗಿ ಹೋಗಿ ನೋಡಿ ಬಂದಿರಬೇಕು. ಶೌಚಾಲಯಗಳನ್ನೂ ಎಣಿಸಬೇಕು. ಬಾಳೆ ಎಲೆ, ಹಾಳೆ ತಟ್ಟೆ, ಕುದಿಸಿದ ನೀರಿನ ಹಂಡೆ, ಪ್ರತಿಯೊಬ್ಬರ ಚೀಲದಲ್ಲಿ ಒಂದು ಲೋಟ. ಬಾಟಲಿಯ ಪ್ರಶ್ನೆ ಇಷ್ಟಕ್ಕೇ ಬಗೆಹರಿಯುತ್ತದೆ.

ವೇಳಾಪಟ್ಟಿಯಲ್ಲಿ ಬಿಡುವು ಧಾರಾಳವಾಗಿರಲಿ. ಅಮೆರಿಕದ ಹ್ಯಾರಿಸನ್ ಓವೆನ್ ಒಂದು ವರ್ಷ ಶ್ರಮಿಸಿ ಏರ್ಪಡಿಸಿದ್ದ ಸಮ್ಮೇಳನದಲ್ಲಿ ಎಲ್ಲರೂ ಮೆಚ್ಚಿದ್ದು ಕಾಫಿಯ ವಿರಾಮವನ್ನಂತೆ. 1985ರಲ್ಲಿ ಅವರು ವಿರಾಮದ ಸ್ವಭಾವವನ್ನೇ ಸಭೆಯ ವಿಧಾನವಾಗಿಸಿದರು. ಊಟದ ಅನಂತರ ಭಾಷಣದ ಬದಲು ಇಬ್ಬಿಬ್ಬರಾಗಿ ಒಂದು ಸುತ್ತು ನಡೆದು ಬರಲಿ.

ಇನ್ನು ಮರಳಿದ ಮೇಲಿನ ಸಂಗತಿ. 1953ರಲ್ಲಿ ಎಡ್ವಿನ್ ಫ್ಲೀಷ್‌ಮನ್ ಟ್ರ್ಯಾಕ್ಟರ್ ತಯಾರಿಸುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಮೇಸ್ತ್ರಿಗಳ ತರಬೇತಿಯನ್ನು ಪರಿಶೀಲಿಸಿದರು. ತರಗತಿಯಲ್ಲಿ ಕಲಿತ ಸೌಜನ್ಯ ಕಾರ್ಖಾನೆಗೆ ಮರಳಿದ ಮೇಲೆ ಉಳಿಯಿತೇ ಎಂಬುದು ಮೇಲಧಿಕಾರಿಯ ನಡವಳಿಕೆಯನ್ನು ಅವಲಂಬಿಸಿತ್ತು. ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು ಉದ್ಘಾಟನೆಗೆ ದೀಪ ಬೆಳಗಿ ಕಾರು ಹತ್ತುವ ಶಿಬಿರಗಳ ಗತಿ ಇದರಿಂದ ಅರ್ಥವಾಗುತ್ತದೆ. ಅವರು ಕೊನೆಯ ತನಕ ನೆಲದ ಮೇಲೆ ಉಳಿದವರೊಡನೆ ಕೂರಲು ಒಪ್ಪದಿದ್ದರೆ ಶಿಬಿರವನ್ನು ಮುಂದೂಡುವುದು ಮೇಲು. ಪ್ರತಿ ಊರಿನಿಂದ ಒಬ್ಬರ ಬದಲು ಇಬ್ಬರನ್ನು ಕರೆಯಬೇಕು; ಒಬ್ಬರೇ ಹಿಂದಿರುಗಿ ಹೇಳಿದ ಹೊಸ ಮಾತು ಕಟ್ಟೆಯ ಮೇಲಿನ ನಗೆಗೆ ಕರಗಿಹೋಗುತ್ತದೆ.

ಚಪ್ಪರ ಬಿಚ್ಚುವ ಮುನ್ನ ನಡಾವಳಿ ಪುಸ್ತಕದಲ್ಲಿ ತೀರ್ಮಾನಗಳನ್ನು ಬರೆದು, ಪ್ರತಿಯೊಂದರ ಎದುರು ಹೆಸರು ಮತ್ತು ತಾರೀಖು ಹಾಕಿ, ಗಟ್ಟಿಯಾಗಿ ಓದಿ, ಸಹಿ ಪಡೆಯಬೇಕು. ಆರು ವಾರಗಳೊಳಗೆ ಒಂದು ಗಂಟೆಯ ಮರುಸಭೆ ಯಾರ ಮನೆಯ ಜಗಲಿಯಲ್ಲಿ ಎಂಬುದನ್ನೂ ಅದೇ ಪುಟದಲ್ಲಿ ನಮೂದಿಸಬೇಕು.