ಮಧುಗಿರಿಯ ಮೂಸೆಯಿಂದ ಹಿಮದ ಕಡಲಿಗೆ

ಮಂಜುಗಡ್ಡೆ ಒಡೆದು ಸಾಗುವ ಹಡಗಿನ ಹೊರಮೈ ಉಕ್ಕಿನ ಕಥೆಯನ್ನು ನಾನು ನಮ್ಮ ಮಧುಗಿರಿ ಸೀಮೆಯಿಂದಲೇ ಶುರುಮಾಡುತ್ತೇನೆ.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದರು. ಮಳೆಗಾಲದ ಹಳ್ಳಗಳು ಹೊತ್ತು ತಂದ ಕರಿಮರಳನ್ನು ತೊಳೆದು, ಇದ್ದಿಲಿನಲ್ಲಿ ಕಾಸಿ ಕಬ್ಬಿಣ ತೆಗೆಯುವುದನ್ನು ಕಂಡು ಬರೆದಿಟ್ಟರು. ಉಕ್ಕಿನ ಕೆಲಸವೇ ಬೇರೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ 3 ರೂಪಾಯಿ ತೂಕದಷ್ಟು ತಂಗಡಿ ಕಡ್ಡಿ, ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಗಿಟ್ಟು ತಿದಿಯೊತ್ತುತ್ತಿದ್ದರು. ಕಡ್ಡಿ ಕರಿಕಾಗಿ ಅದರ ಇಂಗಾಲ ಕಬ್ಬಿಣದೊಳಗೆ ಇಳಿಯಿತೆಂದರೆ ಉಕ್ಕು. ಬೀಳುಗಳಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! ಈ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಗೆ, ವಾದ್ಯದ ತಂತಿಗೆ ಹೋಗುತ್ತಿತ್ತು. ಉಕ್ಕು ದುಬಾರಿ. ಹಾಗಾಗಿ ಕಬ್ಬಿಣದ ಒಡಲಿಗೆ ಅಲಗಿನಷ್ಟೇ ಉಕ್ಕು ಬೆಸೆಯುವ ಪದ್ಧತಿ ಕಮ್ಮಾರಿಕೆಯಲ್ಲಿ ಬಹಳ ಹಳೆಯದು. ಹಡಗಿನ ಕಥೆಯ ಬೀಜ ಇದೇ ಎಂಬುದು ನನ್ನ ನಂಬಿಕೆ.

ದಕ್ಷಿಣ ಭಾರತಕ್ಕೆ ಹೆಸರು ತಂದಿದ್ದ ಈ ಮೂಸೆಯ ಉಕ್ಕನ್ನು ಲಂಡನ್ನಿನಲ್ಲಿ 1819ರಲ್ಲಿ ಪರೀಕ್ಷಿಸಿದವರು ವಿಜ್ಞಾನಿ ಮೈಕೆಲ್ ಫ್ಯಾರಡೆ, ಸ್ವತಃ ಕಮ್ಮಾರನ ಮಗ. ಅದರ ಗುಟ್ಟು ಹಿಡಿಯಲು ಹೊರಟು, ಕತ್ತಿ-ಚೂರಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿದರು, ಕ್ರೋಮಿಯಂ ಕೂಡ. ಕ್ರೋಮಿಯಂ ಪೂರ್ತಿ ಕೈಹಿಡಿದದ್ದು 1913ರಲ್ಲಿ, ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಕರಗಿಸಿದಾಗ.

ಇನ್ನು ಹಿಮದ ಕಡಲು. ಅಲ್ಲಿ ಹಡಗಿನ ಬಣ್ಣ ಉಳಿಯುವುದಿಲ್ಲ, ಮಂಜುಗಡ್ಡೆ ಉಜ್ಜಿ ಉಜ್ಜಿ ಕಿತ್ತುಹಾಕುತ್ತದೆ. ಬರಿಯಾದ ಉಕ್ಕನ್ನು ಉಪ್ಪುನೀರು ತಿನ್ನುತ್ತದೆ. ಮೈ ಒರಟಾದಷ್ಟೂ ಘರ್ಷಣೆ ಹೆಚ್ಚಿ ಎಣ್ಣೆ ಸುಡುತ್ತದೆ. ಕೊರೆಯುವ ಚಳಿಗೆ ಸಾಮಾನ್ಯ ಉಕ್ಕು ಪೆಡಸಾಗಿ ಸೀಳುವ ಭಯವೂ ಉಂಟು. ಆದ್ದರಿಂದ ಚಳಿಗೆ ಜಗ್ಗದ ಗಟ್ಟಿ ಉಕ್ಕು ಒಳಗೆ, ಕೆಲವೇ ಮಿಲಿಮೀಟರ್ ಸ್ಟೇನ್‌ಲೆಸ್ ಹೊರಗೆ. ಎರಡನ್ನೂ ಕೆಂಪಗೆ ಕಾಸಿ ರೋಲರ್‌ಗಳ ನಡುವೆ ಒತ್ತಿ ಒಂದೇ ಹಲಗೆ ಮಾಡುತ್ತಾರೆ. ಸ್ಫೋಟಕ ಸಿಡಿಸಿ ಬೆಸೆಯುವುದೂ ಇದೆ. ಫಿನ್‌ಲ್ಯಾಂಡಿನಲ್ಲಿ 1986ರಲ್ಲಿ ಸೇವೆಗಿಳಿದ ಹಿಮಭಂಜಕ ‘ಓಟ್ಸೊ’ ಇಂಥ ಹಲಗೆಗಳ ಪಟ್ಟಿಯನ್ನು ತೊಟ್ಟಿದೆ. ಪಟ್ಟಿ ಇರುವುದು ಮಂಜುಗಡ್ಡೆ ತಾಗುವ ನೀರಿನ ಮಟ್ಟದಲ್ಲಿ ಮಾತ್ರ. ಅದರ ಅಂಚಿನಲ್ಲೇ ತೊಡಕು: ಸಮುದ್ರದ ನೀರಿನಲ್ಲಿ ಎರಡು ಬಗೆಯ ಉಕ್ಕು ಒಂದಕ್ಕೊಂದು ತಗುಲಿದ್ದರೆ ಪಕ್ಕದ ಸಾದಾ ಉಕ್ಕು ಬೇಗ ಸವೆಯುತ್ತದೆ. ಅದನ್ನು ತಡೆಯಲು ಹಡಗಿನ ಮೈಗೆ ಸದಾ ಸಣ್ಣದೊಂದು ವಿದ್ಯುತ್ ಪ್ರವಾಹ ಹಾಯಿಸುತ್ತಿರಬೇಕು.